ಸಾಲದ ಪುಸ್ತಕದಿಂದ ನಾಡಕಚೇರಿವರೆಗೆ: ಒಂದು ಮಹಿಳಾ ಸಂಘದ ಪ್ರಕರಣ

ಸ್ವಸಹಾಯ ಸಂಘಗಳನ್ನು ಸರ್ಕಾರಿ ಸೇವೆಗಳ ಜೊತೆ ಜೋಡಿಸಬೇಕು ಅಂತ ಎಲ್ಲ ಸಭೆಯಲ್ಲೂ ಹೇಳುತ್ತಾರೆ. ಹೇಗೆ ಅಂತ ಕೇಳಿದರೆ ಸಾಮಾನ್ಯವಾಗಿ ಒಂದೇ ಉತ್ತರ, ಅರಿವು ಕಾರ್ಯಕ್ರಮ ಮಾಡೋಣ. ಶಾಮಿಯಾನ, ಬ್ಯಾನರ್, ನಾಲ್ಕು ಇಲಾಖೆಯವರ ಭಾಷಣ, ಆಮೇಲೆ ಊಟ. ಮರುದಿನ ಯಾರ ಖಾತೆಗೂ ಒಂದು ರೂಪಾಯಿ ಜಾಸ್ತಿ ಬಂದಿರುವುದಿಲ್ಲ. ನಾನು ಇಲ್ಲಿ ಬರೆಯುತ್ತಿರುವ ಪ್ರಕರಣದಲ್ಲಿ ಈ ಜೋಡಣೆ ತಕ್ಕಮಟ್ಟಿಗೆ ಆಯಿತು. ಆದರೆ ಅದಕ್ಕೆ ಯಾವ ಅರಿವು ಕಾರ್ಯಕ್ರಮವೂ ಕಾರಣ ಅಲ್ಲ. ಸಂಘದ ಸಾಲ ಮುಳುಗಿ ಹೋಗುತ್ತೆ ಅನ್ನೋ ಭಯದಿಂದ ಅದು ಶುರುವಾಯಿತು.

ಊರು ಉತ್ತರ ಕರ್ನಾಟಕದ ಒಂದು ಒಣಬೇಸಾಯದ ತಾಲ್ಲೂಕಿನಲ್ಲಿದೆ. ತೊಗರಿ, ಜೋಳ, ಮಳೆ ಕೈಕೊಟ್ಟರೆ ಬೆಂಗಳೂರು. ಅರ್ಧ ಮನೆಗಳಿಗೆ ವರ್ಷದ ಕೆಲವು ತಿಂಗಳು ಬೀಗ ಬಿದ್ದಿರುತ್ತದೆ. ನಾನು ಆಗ ಆ ಭಾಗದ ಸ್ವಸಹಾಯ ಸಂಘಗಳ ಒಕ್ಕೂಟಗಳ ಜೊತೆ ಕೆಲಸ ಮಾಡುತ್ತಿದ್ದೆ. ಊರಿನ ಹೆಸರು, ಹೆಂಗಸರ ಹೆಸರು ಬಿಟ್ಟಿದ್ದೇನೆ. ಅವು ಇಲ್ಲದೆಯೂ ವಿಷಯ ಅರ್ಥವಾಗುತ್ತದೆ.

ಸಂಘದಲ್ಲಿ 12 ಜನ. ವಾರಕ್ಕೊಮ್ಮೆ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ ಬರೆಯುವುದು. ಈ ಐದನ್ನು ಪಂಚಸೂತ್ರ ಅನ್ನುತ್ತಾರೆ, ಐದರಲ್ಲೂ ಈ ಸಂಘ ಗಟ್ಟಿ. ಆಮೇಲೆ ಇದಕ್ಕೆ ಇನ್ನೂ ಐದು ಸೇರಿ ದಶಸೂತ್ರ ಆಯಿತು. ಆರೋಗ್ಯ, ಶಿಕ್ಷಣ, ಪಂಚಾಯಿತಿಯಲ್ಲಿ ಭಾಗವಹಿಸುವುದು, ಸರ್ಕಾರಿ ಸವಲತ್ತು ಪಡೆಯುವುದು, ಜೀವನೋಪಾಯ. ತರಬೇತಿಯಲ್ಲಿ ಹತ್ತನ್ನೂ ಬಾಯಿಪಾಠ ಮಾಡಿಸುತ್ತಾರೆ. ಆದರೆ ಪುಸ್ತಕದಲ್ಲಿ ಕಾಲಂ ಇರುವುದು ಮೊದಲ ಐದಕ್ಕೆ ಮಾತ್ರ. ಕಾಲಂ ಇಲ್ಲದ್ದನ್ನು ಯಾರು ಮಾಡುತ್ತಾರೆ ಹೇಳಿ?

ಬ್ಯಾಂಕಿನ ವಿಷಯ ಬೇರೆ. ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ನಮ್ಮ ರಾಜ್ಯಕ್ಕೆ ಹಳೆಯದು. 80ರ ದಶಕದಲ್ಲಿ ಮೈರಾಡ ಸಂಸ್ಥೆ ಇಲ್ಲಿ ಸಣ್ಣ ಸಣ್ಣ ಗುಂಪುಗಳನ್ನು ಕಟ್ಟಿತು. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. 2000-01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು, 2011ರ ನಂತರ ಸಂಜೀವಿನಿ ಯೋಜನೆ. ಈಗ ಸಂಘ ಚೆನ್ನಾಗಿ ನಡೆದರೆ ಬ್ಯಾಂಕಿನವರೇ ಸಾಲ ತಗೊಳ್ಳಿ ಅಂತ ಬರುತ್ತಾರೆ. ಕಾರಣ ಸರಳ. ಹೆಂಗಸರು ಕಂತು ತಪ್ಪಿಸುವುದಿಲ್ಲ, ಬ್ಯಾಂಕಿಗೆ ಸಂಘ ಬೇಕು. ಆದರೆ ನಾಡಕಚೇರಿಗೆ, ತಲಾಟಿಗೆ (ಗ್ರಾಮ ಲೆಕ್ಕಿಗರಿಗೆ), ಕೋರ್ಟಿಗೆ ಸಂಘ ಯಾಕೆ ಬೇಕು? ಆ ಸಂಘದ ಪ್ರತಿನಿಧಿಯೊಬ್ಬರು ಒಂದು ಸಭೆಯಲ್ಲಿ ಕೇಳಿದ್ದು ನೆನಪಿದೆ. "ಸಾಲ ಬೇಕಂದ್ರ ಬ್ಯಾಂಕಿನೋರು ನಮ್ಮ ಮನಿ ಬಾಗಲಿಗೆ ಬರ್ತಾರ. ಪಿಂಚಣಿ ಬೇಕಂದ್ರ ನಾವು ಯಾರ ಬಾಗಲಿಗೆ ಹೋಗೂದ್ರಿ ಅಕ್ಕಾರ?"

ಮೂವತ್ತಾರು ಗೆರೆಯ ಪಾಸ್‌ಬುಕ್ಕು

2022ರ ದಸರಾ ಆದ ಮೇಲೆ ಸಂಘದ ಒಬ್ಬ ಸದಸ್ಯೆ ತೀರಿಕೊಂಡರು. ವಯಸ್ಸು ನಲವತ್ತರ ಆಸುಪಾಸು, ಕಾಮಾಲೆ ಅಂದರು. ಮನೆಯಲ್ಲೇ ಸತ್ತರು. ಹೆಸರಿನಲ್ಲಿ ಸಂಘದ ಸಾಲ 38,000 ರೂಪಾಯಿ ಬಾಕಿ ಇತ್ತು. ಗಂಡ ಕುಡುಕ ಅಲ್ಲ, ಆದರೆ ಕೈಯಲ್ಲಿ ಏನೂ ಇಲ್ಲ. ಇಬ್ಬರು ಮಕ್ಕಳು. ಮೊದಲ ಎರಡು ಕಂತನ್ನು ಉಳಿದ ಹೆಂಗಸರು ಸೇರಿ ತುಂಬಿದರು. ಮೂರನೇ ತಿಂಗಳಿಗೆ ಜಗಳ ಶುರುವಾಯಿತು.

ಆಗ ಎಂಬಿಕೆ, ಅಂದರೆ ಒಕ್ಕೂಟದ ಪುಸ್ತಕ ಬರೆಯುವಾಕೆ, ಸತ್ತವಳ ಸ್ವಂತ ಬ್ಯಾಂಕ್ ಪಾಸ್‌ಬುಕ್ ತರಿಸಿದರು. ಅದು ಜನಧನ್ ಖಾತೆ. ಬರೀ ಮೂವತ್ತಾರು ಗೆರೆ ಪ್ರಿಂಟ್ ಆಗಿತ್ತು. ಉದ್ದೇಶ ಇಷ್ಟೇ, ಖಾತೆಯಲ್ಲಿ ಏನಾದರೂ ಉಳಿದಿದೆಯಾ ನೋಡೋಣ ಅಂತ. ಉಳಿದಿದ್ದು ಏನೂ ಇರಲಿಲ್ಲ. ಆದರೆ ಜೂನ್ ಹತ್ತಿರ ಒಂದು ಗೆರೆಯಲ್ಲಿ 436 ರೂಪಾಯಿ ಕಟ್ ಆಗಿತ್ತು. ಅದರ ಹಿಂದಿನ ವರ್ಷ ಅದೇ ಹೊತ್ತಿಗೆ 330.

ಗೊತ್ತಿದ್ದವರಿಗೆ ಆ ಸಂಖ್ಯೆ ಸಾಕು. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ವರ್ಷದ ಕಂತು 2022ರ ಮೇವರೆಗೆ 330 ಇತ್ತು, ಆ ಜೂನ್ 1ರಿಂದ 436 ಆಯಿತು. ವಿಮೆ ವರ್ಷ ಜೂನ್ 1ರಿಂದ ಮೇ 31ರವರೆಗೆ. 18ರಿಂದ 50 ವರ್ಷದೊಳಗೆ ಸೇರಿದವರು ಯಾವ ಕಾರಣಕ್ಕೆ ತೀರಿಕೊಂಡರೂ ನಾಮಿನಿಗೆ 2 ಲಕ್ಷ ರೂಪಾಯಿ. ಹೊಸದಾಗಿ ಸೇರಿದವರಿಗೆ ಮಾತ್ರ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಸಾವಿಗೆ ಹಣ ಇಲ್ಲ. ಈಕೆ ಎರಡು ವರ್ಷದಿಂದ ಇದ್ದಳು. ಇದರ ಜೊತೆ ಇರುವ ಸುರಕ್ಷಾ ವಿಮೆಗೆ ವರ್ಷಕ್ಕೆ 20 ರೂಪಾಯಿ, ಅದು ಅಪಘಾತಕ್ಕೆ ಮಾತ್ರ.

ಗಂಡನಿಗೆ ಇದು ಗೊತ್ತೇ ಇರಲಿಲ್ಲ. ಖಾತೆ ತೆರೆಯುವಾಗ ಇಲ್ಲಿ ಸೈನ್ ಮಾಡಮ್ಮ ಅಂದಿದ್ದರು, ಮಾಡಿದ್ದಳು. ಬ್ಯಾಂಕಿಗೂ ಅವಳು ಸತ್ತಿದ್ದು ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಹಣ ಇರುವುದು ಒಂದು ಕಡೆ, ಸಾವಿನ ಸುದ್ದಿ ಇರುವುದು ಇನ್ನೊಂದು ಕಡೆ. ನನ್ನ ಪ್ರಕಾರ ಈ ಜೋಡಣೆ ಅನ್ನೋ ಮಾತಿನ ತಿರುಳೆಲ್ಲ ಇಲ್ಲೇ ಇದೆ. ಹೊಸ ಯೋಜನೆ ಬೇಕಿರಲಿಲ್ಲ. ಇರುವ ಯೋಜನೆ, ಇರುವ ಖಾತೆ, ಕಟ್ಟಿದ ಕಂತು. ಸುದ್ದಿ ಹೋಗಿ ಮುಟ್ಟಬೇಕಿತ್ತು ಅಷ್ಟೇ.

ಬ್ಯಾಂಕಿನಲ್ಲಿ ಕೇಳಿದ್ದು ಕ್ಲೇಮ್ ಫಾರಂ, ನಾಮಿನಿಯ ಆಧಾರ್ ಮತ್ತು ಪಾಸ್‌ಬುಕ್, ಮರಣ ಪ್ರಮಾಣಪತ್ರ. ಮೊದಲ ಎರಡು ಸುಲಭ. ಮೂರನೆಯದು ಇರಲಿಲ್ಲ. ಸಾವನ್ನು ಯಾರೂ ನೋಂದಾಯಿಸಿರಲಿಲ್ಲ.

ಇದಕ್ಕೆ ಮನೆಯವರನ್ನು ಬೈಯುವವರಿದ್ದಾರೆ. ನಾನು ಬೈಯಲಾರೆ. ಮಗು ಹುಟ್ಟಿದರೆ ಆಸ್ಪತ್ರೆಯಿಂದಲೇ ಪತ್ರ ಬರುತ್ತೆ, ಶಾಲೆಗೆ ಬೇಕಾಗುತ್ತೆ. ಮನೆಯಲ್ಲಿ ಸತ್ತವರ ಹೆಸರಿನಲ್ಲಿ ಹೊಲ ಇದ್ದರೆ ವಾರಸಾ ಮಾಡಿಸಲು ಯಾರಾದರೂ ಓಡುತ್ತಾರೆ. ಹೊಲ ಇಲ್ಲದ ಹೆಂಗಸು ಸತ್ತರೆ ಆ ಕಾಗದ ಯಾಕೆ ಬೇಕು ಅಂತ ಯಾರಿಗೂ ಅನಿಸುವುದಿಲ್ಲ. ಕಾನೂನು ಪ್ರಕಾರ 21 ದಿನದೊಳಗೆ ತಿಳಿಸಬೇಕು. ಮನೆಯಲ್ಲಾದ ಸಾವನ್ನು ಮನೆ ಯಜಮಾನ ತಿಳಿಸಬೇಕು. ಆಗ ನಮ್ಮ ಕಡೆ ಹಳ್ಳಿಯಲ್ಲಿ ಅದನ್ನು ಬರೆದುಕೊಳ್ಳುತ್ತಿದ್ದವರು ಗ್ರಾಮ ಲೆಕ್ಕಿಗರು, ಜನ ಕರೆಯುವುದು ತಲಾಟಿ ಅಂತ. 30 ದಿನದವರೆಗೆ ಸಣ್ಣ ದಂಡ ಕಟ್ಟಿದರೆ ಆಗುತ್ತೆ. 30 ದಿನ ದಾಟಿದರೆ ಆಗ ಮೇಲಿನವರ ಅನುಮತಿ ಬೇಕಿತ್ತು, ಜೊತೆಗೆ ಅಫಿಡವಿಟ್. ಒಂದು ವರ್ಷ ದಾಟಿದರೆ ಕೋರ್ಟಿಗೆ ಹೋಗಬೇಕಿತ್ತು.

ಈ ಸಾವು 30 ದಿನ ದಾಟಿತ್ತು, ವರ್ಷ ದಾಟಿರಲಿಲ್ಲ. ಅದೃಷ್ಟ ಅನ್ನಬೇಕು. ಸಂಘದ ಇಬ್ಬರು, ಎಂಬಿಕೆ, ಸತ್ತವಳ ಗಂಡ ಸೇರಿ ತಾಲ್ಲೂಕು ಕಚೇರಿಗೆ ಅಲೆದರು. ಒಕ್ಕೂಟದ ಲೆಟರ್‌ಹೆಡ್ ಮೇಲೆ ಒಂದು ಪತ್ರ ಬರೆದರು. ಇಂಥ ದಿನ ತೀರಿಕೊಂಡದ್ದು ನಿಜ, ನಮ್ಮ ಸಂಘದ ನಡಾವಳಿ ಪುಸ್ತಕದಲ್ಲಿ ಆ ವಾರದ ಸಭೆಯಲ್ಲಿ ಸಂತಾಪ ಬರೆದಿದೆ, ನಕಲು ಲಗತ್ತಿಸಿದೆ ಅಂತ. ಸೀಲು ಹಾಕಿದರು. ಈ ನಡಾವಳಿ ಪುಟ ಬಹಳ ಉಪಯೋಗಕ್ಕೆ ಬಂತು. ಬಡವರ ಸಾವಿಗೆ ಸಾಕ್ಷಿ ಕಾಗದ ಹುಡುಕಿದರೂ ಸಿಗುವುದಿಲ್ಲ. ಆದರೆ ವಾರವಾರ ತಾರೀಕು ಹಾಕಿ, ಹಾಜರಿದ್ದವರೆಲ್ಲ ಸಹಿ ಮಾಡಿದ ಪುಸ್ತಕ ಇಟ್ಟುಕೊಂಡಿರುವುದು ಹಳ್ಳಿಯಲ್ಲಿ ಸಂಘ ಒಂದೇ. ಸಾಲಕ್ಕೆ ಅಂತ ಬರೆದ ಪುಸ್ತಕ ಸಾವಿನ ಪುರಾವೆ ಆಯಿತು.

ಮರಣ ಪತ್ರ ಬಂತು. ಕ್ಲೇಮ್ ಹೋಯಿತು. ಕಾದು ಕಾದು 2 ಲಕ್ಷ ಗಂಡನ ಖಾತೆಗೆ ಬಂತು.

ಆ 2 ಲಕ್ಷದ ಜಗಳ

ಇದನ್ನು ಬಿಟ್ಟು ಬರೆದರೆ ಪ್ರಕರಣ ಅರ್ಧ ಸುಳ್ಳಾಗುತ್ತದೆ. ಹಣ ಬರುವ ಮೊದಲೇ ಸಂಘದಲ್ಲಿ ಒಂದು ಮಾತು ಎದ್ದಿತ್ತು. ನಾವು ಓಡಾಡಿದ್ದೇವೆ, ಹಣ ಬಂದ ದಿನವೇ ನಮ್ಮ 38,000 ಕೊಡಬೇಕು, ಅದಕ್ಕೆ ಮೊದಲೇ ವಿತ್‌ಡ್ರಾವಲ್ ಫಾರಂ ಮೇಲೆ ಸಹಿ ಮಾಡಿಸಿ ಇಟ್ಟುಕೊಳ್ಳೋಣ ಅಂತ. ಗಂಡ ಸಹಿ ಮಾಡಲು ತಯಾರೂ ಇದ್ದ, ಹೆದರಿದ್ದ.

ಸದಸ್ಯೆಯೊಬ್ಬರು ಎದ್ದು ಬೇಡ ಅಂದರು. ಅವರೇ ವಿಧವೆ, ಸಭೆಯಲ್ಲಿ ಮಾತಾಡುವುದು ಕಡಿಮೆ. "ಸಾಲ ಕೇಳೂನು. ಸಹಿ ಮಾಡಿಸ್ಕೊಂಡ್ರ ನಮಗೂ ಬಡ್ಡಿ ಸಾವಕಾರಗೂ ಏನ್ ಫರಕ್ ಉಳೀತು?" ಕಾನೂನು ಪ್ರಕಾರವೂ ಆ ಹಣ ನಾಮಿನಿಯದು. ವಾದ ಬಹಳ ಹೊತ್ತು ನಡೆಯಿತು. ಒಪ್ಪಂದ ಹೀಗಾಯಿತು. ಹಣ ಪೂರ್ತಿ ಅವನ ಖಾತೆಗೇ ಹೋಗಲಿ, ಯಾರೂ ಪಾಸ್‌ಬುಕ್ ಇಟ್ಟುಕೊಳ್ಳಬಾರದು. ಸಾಲದ ಅಸಲನ್ನು ಅವನು ಎರಡು ಕಂತಿನಲ್ಲಿ ಕೊಡಬೇಕು. ಸತ್ತ ದಿನದಿಂದ ಮುಂದಿನ ಬಡ್ಡಿ ಬಿಡಬೇಕು. ಅವನು ಮೊದಲ ಕಂತು ಕೊಟ್ಟ, ಎರಡನೆಯದು ತಡವಾಗಿ ಕೊಟ್ಟ. ಮಗಳ ಹೆಸರಿನಲ್ಲಿ ಒಂದಿಷ್ಟು ಠೇವಣಿ ಇಟ್ಟ, ಅದೂ ಹೆಂಗಸರು ಬೆನ್ನು ಬಿದ್ದ ಮೇಲೆ.

ಸಂಘದ ಮೂಲಕ ಸವಲತ್ತು ಕೊಡಿಸಿ ಅನ್ನುವವರು ಇಂಥ ಅಪಾಯವನ್ನು ಲೆಕ್ಕಕ್ಕೆ ತಗೊಳ್ಳಬೇಕು. ಸಂಘ ಅಂದರೆ ಸಾಲ ಕೊಟ್ಟವರ ಗುಂಪೂ ಹೌದು. ಸವಲತ್ತು ಕೊಡಿಸಲು ನಿಂತವರೇ ಸಾಲ ಕೊಟ್ಟವರೂ ಆದರೆ ಬಡವರ ಮೇಲೆ ಒತ್ತಡ ಬೀಳುತ್ತದೆ. ಪಿಂಚಣಿ ಹಣವನ್ನು ಕಂತಿಗೆ ಹಿಡಿದುಕೊಳ್ಳಬಾರದು ಅನ್ನುವ ಠರಾವು ಆ ಒಕ್ಕೂಟದಲ್ಲಿ ಆಮೇಲೆ ಪಾಸಾಯಿತು. ಒಳ್ಳೆಯದಾಯಿತು.

ಒಂದೇ ಕಾಗದಕ್ಕೆ ಎಲ್ಲ ನಿಂತಿತ್ತು

ಆ ದಿನ ಎದ್ದು ಮಾತಾಡಿದ ವಿಧವೆಗೆ ಪಿಂಚಣಿ ಬರುತ್ತಿರಲಿಲ್ಲ. ಗಂಡ ತೀರಿಕೊಂಡು ಆರು ವರ್ಷ. ಯಾಕೆ ಬರ್ತಿಲ್ಲ ಅಂತ ಕೇಳಿದರೆ, ಅರ್ಜಿ ಹಾಕೀನಿ, ಏಜೆಂಟ್ ದುಡ್ಡು ತಗೊಂಡಾನ, ಏನೂ ಆಗಿಲ್ಲ ಅಂದರು. ನಾಡಕಚೇರಿಯಲ್ಲಿ ವಿಚಾರಿಸಿದರೆ ಅವರ ಹೆಸರಿನಲ್ಲಿ ಅರ್ಜಿಯೇ ಇಲ್ಲ. ಯಾಕೆಂದರೆ ಗಂಡನ ಮರಣ ಪತ್ರ ಇಲ್ಲದೆ ವಿಧವಾ ವೇತನದ ಅರ್ಜಿ ಮುಂದೆ ಹೋಗುವುದೇ ಇಲ್ಲ.

ಎಂಬಿಕೆಗೆ ಅಲ್ಲಿ ತಲೆ ಓಡಿತು. ಒಕ್ಕೂಟದ ಎಲ್ಲ ಸಂಘಗಳಲ್ಲಿ ಒಂದೇ ಒಂದು ಪ್ರಶ್ನೆ ಕೇಳಿಸಿದರು. ನಿಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರಾ, ಪತ್ರ ಇದೆಯಾ? ಏನು ಸವಲತ್ತು ಬೇಕು ಅಂತ ಕೇಳಿದರೆ ಎಲ್ಲರೂ ಮನೆ ಬೇಕು, ಸಾಲ ಬೇಕು ಅಂತಾರೆ. ಈ ಪ್ರಶ್ನೆಗೆ ಮಾತ್ರ ಬೇರೆ ಥರದ ಉತ್ತರಗಳು ಬಂದವು. ಪಿಂಚಣಿ ಇಲ್ಲದ ವಿಧವೆಯರಲ್ಲಿ ಹೆಚ್ಚಿನವರಿಗೆ ತೊಡಕು ಇದೇ ಕಾಗದ. ಆಗ ತಿಂಗಳಿಗೆ 800 ರೂಪಾಯಿ ಪಿಂಚಣಿ. ಕಡಿಮೆಯೇ, ಆದರೆ ತಿಂಗಳ ಔಷಧಿಗೆ ಮಗನ ಮುಂದೆ ಕೈಚಾಚುವುದು ತಪ್ಪುತ್ತೆ.

ಅದರ ಹಿಂದೆ ಇನ್ನೂ ಇದ್ದವು. ದುಡಿಯುವ ಯಜಮಾನ 60 ತುಂಬುವ ಮೊದಲು ಸತ್ತರೆ ಬಿಪಿಎಲ್ ಕುಟುಂಬಕ್ಕೆ ಒಂದು ಸಲ 20,000 ರೂಪಾಯಿ ಕೊಡುವ ರಾಷ್ಟ್ರೀಯ ಕುಟುಂಬ ನೆರವು ಯೋಜನೆ ಇದೆ. ಅದರ ಹೆಸರನ್ನು ಆ ಪಂಚಾಯಿತಿಯಲ್ಲಿ ಕೇಳಿದವರೇ ಇರಲಿಲ್ಲ. ಅದಕ್ಕೂ ಮರಣ ಪತ್ರ. ಹೊಲದ ವಾರಸಾಕ್ಕೆ ಮರಣ ಪತ್ರ. ವಿಮೆಗೆ ಮರಣ ಪತ್ರ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾಯಿತಲ್ಲ, ತಿಂಗಳಿಗೆ 2,000 ಬರುವುದು ರೇಷನ್ ಕಾರ್ಡಿನ ಯಜಮಾನಿಗೆ. ಕಾರ್ಡಿನಲ್ಲಿ ಯಜಮಾನಿ ಅಂತ ಇರುವ ಅತ್ತೆ ಸತ್ತು ವರ್ಷಗಳಾಗಿದ್ದ ಮನೆಗಳಿದ್ದವು. ಸೊಸೆಯ ಹೆಸರಿಗೆ ಬದಲಾಯಿಸಲು ಹೋದರೆ ಮತ್ತೆ ಅದೇ ಕಾಗದ. ಅಲ್ಲಿಯವರೆಗೆ ಸುಮ್ನೆ ಕೂತಿದ್ದ ಗಂಡಸರೂ ಆಗ ಒಕ್ಕೂಟದ ಬಾಗಿಲಿಗೆ ಬಂದರು.

ವಿಚಿತ್ರ ಅಂದರೆ ಸಾವಿನ ಸುದ್ದಿ ಸರ್ಕಾರಕ್ಕೆ ಗೊತ್ತಿಲ್ಲ ಅಂತ ಅಲ್ಲ. ಆಶಾ ಕಾರ್ಯಕರ್ತೆಯ ಡೈರಿಯಲ್ಲಿ ಇರುತ್ತೆ. ಅಂಗನವಾಡಿ ಟೀಚರ್ ಸರ್ವೆ ಪುಸ್ತಕದಲ್ಲೂ ಇರುತ್ತೆ. ಆಗ ತಲಾಟಿ ರಿಜಿಸ್ಟರಿನಲ್ಲಿ ಮಾತ್ರ ಇರುತ್ತಿರಲಿಲ್ಲ. ಮೂರು ಇಲಾಖೆ, ಮೂರು ಪುಸ್ತಕ, ಒಂದಕ್ಕೊಂದು ಮಾತಾಡುವುದಿಲ್ಲ. ಆದರೆ ಆಶಾ ಮತ್ತು ಅಂಗನವಾಡಿ ಟೀಚರ್ ಇಬ್ಬರೂ ಇದೇ ಊರಿನ ಸೊಸೆಯಂದಿರು. ಸಂಘದವರಿಗೆ ದಿನಾ ಸಿಗುವವರು.

ಏನು ಮಾಡಿದರು

ಮೊದಲನೆಯದು, ಪ್ರತಿ ಸಂಘದ ನಡಾವಳಿ ಪುಸ್ತಕದ ಕೊನೆಯಲ್ಲಿ ಒಂದು ಪುಟ ಬಿಟ್ಟರು. ಹೆಸರು, ಏನು ಬರಬೇಕು, ಯಾವ ಕಾಗದ ಇಲ್ಲ, ಅರ್ಜಿ ಕೊಟ್ಟ ತಾರೀಕು, ಸ್ವೀಕೃತಿ ಸಂಖ್ಯೆ. ಸಾಲದ ಬಾಕಿ ಓದಿದ ಹಾಗೆ ವಾರವಾರ ಅದನ್ನೂ ಓದಬೇಕು. ಇದು ಕಾಲಂ ಇಲ್ಲದ್ದಕ್ಕೆ ಕಾಲಂ ಮಾಡಿದ ಕೆಲಸ. ಈ ಇಡೀ ಪ್ರಕರಣದಲ್ಲಿ ಬೇರೆ ಕಡೆ ಎತ್ತಿಕೊಂಡು ಹೋಗಬಹುದಾದದ್ದು ಯಾವುದು ಅಂತ ಕೇಳಿದರೆ ನಾನು ಈ ಪುಟವನ್ನೇ ತೋರಿಸುತ್ತೇನೆ.

ಸ್ವೀಕೃತಿ ಸಂಖ್ಯೆ ಯಾಕೆ ಮುಖ್ಯ ಅಂದರೆ, ಸರ್ಕಾರಿ ಸೇವೆಯನ್ನು ಇಂತಿಷ್ಟು ದಿನದಲ್ಲಿ ಕೊಡಬೇಕು ಅನ್ನುವ ಸಕಾಲ ಕಾಯ್ದೆ 2011ರದ್ದು, ಅದರಡಿ ಬರುವ ಅರ್ಜಿಗೆ ಜಿಎಸ್‌ಸಿ ಸಂಖ್ಯೆ ಇರುವ ರಸೀದಿ ಕೊಡಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಅಂತ ಕಾಯ್ದೆ ಹೇಳುತ್ತೆ. ಆ ಹಣ ಕೈಗೆ ಸಿಕ್ಕವರನ್ನು ನಾನಂತೂ ನೋಡಿಲ್ಲ. ಆದರೆ ಸಂಖ್ಯೆ ಹಿಡಿದು ಹೋದವಳಿಗೆ ಸಿಗುವ ಉತ್ತರವೇ ಬೇರೆ, ಬರಿಗೈಲಿ ಹೋದವಳಿಗೆ ಸಿಗುವ ಉತ್ತರವೇ ಬೇರೆ. ಏಜೆಂಟ್ ಹತ್ತಿರ ಅರ್ಜಿ ಕೊಟ್ಟವರಿಗೆ ಆ ರಸೀದಿ ಸಿಗುತ್ತಲೇ ಇರಲಿಲ್ಲ. ಅವನ ವ್ಯಾಪಾರ ನಡೆಯುತ್ತಿದ್ದದ್ದೇ ಆ ಕತ್ತಲಲ್ಲಿ.

ಎರಡನೆಯದು ತಲಾಟಿ ವಿಷಯ. ಅವರಿಗೆ ಮೂರು ನಾಲ್ಕು ಊರು, ಬೆಳೆ ಸಮೀಕ್ಷೆ, ಚುನಾವಣೆ ಕೆಲಸ, ಎಲ್ಲಿದ್ದಾರೆ ಅಂತ ಹುಡುಕುವುದೇ ಒಂದು ದಿನದ ಕೂಲಿ. ಒಕ್ಕೂಟದವರು ಜಗಳಕ್ಕೆ ಹೋಗಲಿಲ್ಲ. ತಿಂಗಳ ಒಕ್ಕೂಟದ ಸಭೆಗೆ ಒಂದು ತಾಸು ಬನ್ನಿ, ಆ ತಿಂಗಳ ಸಾವುಗಳ ಫಾರಂ ನಾವೇ ತುಂಬಿಸಿ ಇಟ್ಟಿರ್ತೀವಿ ಅಂದರು. ಅವರಿಗೂ ಲಾಭ ಇತ್ತು. ತಡವಾದ ನೋಂದಣಿ ಅಂದರೆ ವರದಿ, ಮಹಜರು, ಮೇಲಿನವರಿಗೆ ಪತ್ರ, ಎಲ್ಲ ಅವರ ತಲೆಗೇ. 21 ದಿನದೊಳಗೆ ಬಂದರೆ ಅಲ್ಲೇ ಮುಗಿಯುತ್ತೆ. ಬ್ಯಾಂಕಿನವರು ಸಂಘಕ್ಕೆ ಬರುವುದಕ್ಕೆ ಕಾರಣ ಇದ್ದ ಹಾಗೆ ತಲಾಟಿಗೂ ಒಂದು ಕಾರಣ ಸಿಕ್ಕಿತು. ದಯೆಯ ಮೇಲೆ ನಿಂತ ಜೋಡಣೆ ಅಧಿಕಾರಿ ಇರುವವರೆಗೆ. ಇದು ಅದಕ್ಕಿಂತ ಸ್ವಲ್ಪ ಜಾಸ್ತಿ ಬಾಳಿತು. ಆ ತಲಾಟಿ ವರ್ಗವಾದಾಗ ಕೆಲವು ತಿಂಗಳು ನಿಂತು, ಹೊಸಬರಿಗೂ ಲಾಭ ಕಂಡ ಮೇಲೆ ಮತ್ತೆ ಶುರುವಾಯಿತು.

ಮೂರನೆಯದು ಕೋರ್ಟು. ವರ್ಷ ದಾಟಿದ ಸಾವುಗಳಿಗೆ ಆಗ ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕಿತ್ತು. ವಕೀಲರ ಫೀಸು ಕೇಳಿಯೇ ಹೆಂಗಸರು ಕೈಬಿಟ್ಟಿದ್ದರು. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಅಂತ ಕೋರ್ಟಿನ ಕಟ್ಟಡದಲ್ಲೇ ಒಂದು ಕೋಣೆ ಇರುತ್ತೆ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ವಕೀಲರು ಸಿಗಬೇಕು. ಇಷ್ಟು ಹತ್ತಿರದ ಸೇವೆ, ಇಷ್ಟು ಕಡಿಮೆ ಬಳಕೆ. ಒಕ್ಕೂಟದವರು ಒಬ್ಬೊಬ್ಬರಾಗಿ ಹೋಗದೆ ಒಂದೇ ಪಟ್ಟಿ ತಗೊಂಡು ಹೋದರು. ಮೊದಲು ತಲಾಟಿ ಹತ್ತಿರ ಈ ಸಾವು ನೋಂದಣಿಯಾಗಿಲ್ಲ ಅನ್ನುವ ಪತ್ರ ತೆಗೆಸಬೇಕು, ಆಮೇಲೆ ಅರ್ಜಿ, ಸಾಕ್ಷಿ. ಸಾಕ್ಷಿ ಹೇಳಲು ಸಂಘದ ಹೆಂಗಸರೇ ನಿಂತರು. ಕೋರ್ಟಿನ ಕಟಕಟೆ ಕಂಡು ಒಬ್ಬರಿಗೆ ಬೆವರು ಇಳಿದಿತ್ತಂತೆ, ಆಮೇಲೆ ಸಭೆಯಲ್ಲಿ ಅದನ್ನೇ ನಗುತ್ತಾ ಹೇಳಿದರು.

2023ರ ಅಕ್ಟೋಬರ್ 1ರಿಂದ ಕಾನೂನು ಬದಲಾಯಿತು. ಈಗ ವರ್ಷ ದಾಟಿದ ಸಾವಿಗೆ ಆದೇಶ ಕೊಡುವುದು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್. ಅಂದರೆ ದಾರಿ ಕೋರ್ಟಿನಿಂದ ಕಂದಾಯ ಇಲಾಖೆ ಕಡೆ ತಿರುಗಿತು. ಒಳ್ಳೆಯ ಬದಲಾವಣೆಯೇ. ಆದರೆ ಬದಲಾದ ಹೊತ್ತಿನಲ್ಲಿ ಕೌಂಟರುಗಳಲ್ಲಿ ಇಲ್ಲಿ ಅಲ್ಲ ಅಲ್ಲಿ ಹೋಗಿ, ಅಲ್ಲಿ ಅಲ್ಲ ಇಲ್ಲಿ ಹೋಗಿ ಅನ್ನುವುದು ಶುರುವಾಯಿತು. ಒಂಟಿ ಹೆಂಗಸು ಆಗಿದ್ದರೆ ಎರಡನೇ ಸಲ ಹೋಗುತ್ತಲೇ ಇರಲಿಲ್ಲ.

ಬಂದ ಹಣ ಕಾಣದೆ ಹೋದದ್ದು

ಇನ್ನೊಂದು ಪ್ರಸಂಗ ಹೇಳಬೇಕು, ಯಾಕೆಂದರೆ ಇದು ಎಲ್ಲ ಕಡೆ ಆಗುತ್ತೆ. ಒಬ್ಬ ಸದಸ್ಯೆಗೆ ಪಿಂಚಣಿ ಮಂಜೂರಾಯಿತು, ಆದೇಶದ ಪ್ರತಿ ಕೈಯಲ್ಲಿದೆ. ಹಣ ಮಾತ್ರ ಬರುತ್ತಿಲ್ಲ. ತಿಂಗಳುಗಟ್ಟಲೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಪ್ರಿಂಟ್ ಮಾಡಿಸಿ ವಾಪಸ್ ಬರುತ್ತಿದ್ದರು. ನಾಡಕಚೇರಿಯವರು ನಾವು ಕಳಿಸಿದ್ದೇವೆ ಅಂತಾರೆ. ಬ್ಯಾಂಕಿನವರು ನಮಗೆ ಬಂದಿಲ್ಲ ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆಧಾರ್ ಆಧಾರದ ಪಾವತಿ ಹೋಗುವುದು ಆಧಾರ್ ಕೊನೆಗೆ ಜೋಡಣೆಯಾದ ಖಾತೆಗೆ. ಆಕೆ ನಡುವೆ ಯಾವಾಗಲೋ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿ ಒಂದು ಖಾತೆ ತೆರೆದಿದ್ದರು, ಮರೆತಿದ್ದರು. ಹಣವೆಲ್ಲ ಅಲ್ಲಿ ಕೂತಿತ್ತು. ಪೋಸ್ಟ್‌ಮನ್ ಬಂದು ಹೆಬ್ಬೆಟ್ಟು ಇಡಿಸಿ ತೆಗೆದುಕೊಟ್ಟಾಗ ಆಕೆ ಮೊದಲು ನಂಬಲೇ ಇಲ್ಲ.

ಹೆಸರಿನ ಗೋಳು ಇದ್ದದ್ದೇ. ಆಧಾರ್‌ನಲ್ಲಿ ಬಸವರಾಜ, ರೇಷನ್ ಕಾರ್ಡಿನಲ್ಲಿ ಬಸಪ್ಪ, ಸತ್ತ ಮೇಲೆ ತಲಾಟಿ ಬರೆದದ್ದು ಬಸಣ್ಣ. ಊರಿಗೆಲ್ಲ ಒಬ್ಬನೇ, ಕಂಪ್ಯೂಟರಿಗೆ ಮೂವರು. ಇದಕ್ಕೆ ಒಕ್ಕೂಟದವರು ಕಂಡುಕೊಂಡ ಉಪಾಯ, ಮರಣದ ಫಾರಂ ತುಂಬುವಾಗ ಬಾಯಿಂದ ಹೇಳಿದ ಹೆಸರು ಬರೆಯಬೇಡಿ, ಆಧಾರ್ ಮುಂದೆ ಇಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೆಯಿರಿ ಅಂತ. ಆಮೇಲೆ ತಿದ್ದುಪಡಿಗೆ ಅಲೆಯುವ ಬದಲು ಮೊದಲೇ ಹತ್ತು ನಿಮಿಷ ಜಾಸ್ತಿ.

ಆಗದೆ ಉಳಿದದ್ದು

ಬೆಂಗಳೂರಿನಲ್ಲಿ ಸತ್ತವರ ಕೇಸುಗಳು ಬಹಳ ಕಷ್ಟ ಕೊಟ್ಟವು. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗಬೇಕು ಅನ್ನುವುದು ಕಾನೂನು. ಗಾರೆ ಕೆಲಸಕ್ಕೆ ಹೋದ ಗಂಡ ಶೆಡ್ಡಿನಲ್ಲಿ ಸತ್ತ, ಮೇಸ್ತ್ರಿ ಆಂಬುಲೆನ್ಸ್ ಮಾಡಿ ಹೆಣ ಊರಿಗೆ ಕಳಿಸಿದ, ಮಣ್ಣು ಊರಲ್ಲಿ ಆಯಿತು. ಊರಿನ ತಲಾಟಿ ನನ್ನ ವ್ಯಾಪ್ತಿ ಅಲ್ಲ ಅಂತಾರೆ, ಅದು ಸರಿಯೇ. ಬೆಂಗಳೂರಿನಲ್ಲಿ ಯಾವ ವಾರ್ಡು, ಯಾವ ಕಚೇರಿ, ಆ ಶೆಡ್ಡು ಈಗ ಇದೆಯಾ, ಹೆಂಡತಿಗೆ ಏನೂ ಗೊತ್ತಿಲ್ಲ. ಆಸ್ಪತ್ರೆಗೆ ಸೇರಿಸಿದ್ದವರದು ಹೇಗೋ ಆಯಿತು, ಆಸ್ಪತ್ರೆಯವರೇ ನೋಂದಣಿಗೆ ತಿಳಿಸಿರುತ್ತಾರೆ, ಹುಡುಕಿದರೆ ಸಿಗುತ್ತೆ. ಶೆಡ್ಡಿನಲ್ಲಿ ಸತ್ತವರದು ಆಗಲಿಲ್ಲ. ಹಳ್ಳಿಯ ಒಕ್ಕೂಟದ ಕೈ ಅಷ್ಟು ದೂರ ಹೋಗುವುದಿಲ್ಲ.

ಗಂಡ ಬಿಟ್ಟು ಹೋದವರದು ಇನ್ನೊಂದು ಗೋಳು. ಸತ್ತಿಲ್ಲ, ಆದ್ದರಿಂದ ವಿಧವಾ ವೇತನ ಇಲ್ಲ. ಮನಸ್ವಿನಿ ಯೋಜನೆ 40ರಿಂದ 64 ವರ್ಷದ ಅವಿವಾಹಿತರಿಗೆ ಮತ್ತು ವಿಚ್ಛೇದನ ಆದವರಿಗೆ. ಇವರಿಗೆ ವಿಚ್ಛೇದನದ ಕಾಗದ ಎಲ್ಲಿಂದ ಬರಬೇಕು? ಪುಟದಲ್ಲಿ ಅವರ ಹೆಸರು ವಾರವಾರ ಓದುತ್ತಾರೆ, ಮುಂದಿನ ಕಾಲಂ ಖಾಲಿ.

ಸಂಘದಲ್ಲೇ ಇಲ್ಲದವರ ಪ್ರಶ್ನೆ ಇದಕ್ಕಿಂತ ದೊಡ್ಡದು. ವಾರವಾರ ಉಳಿತಾಯ ಕಟ್ಟಲಾಗದ ತೀರಾ ಬಡ ವಿಧವೆ ಯಾವ ಸಂಘದಲ್ಲೂ ಇರುವುದಿಲ್ಲ. ಸಂಘದ ಮೂಲಕವೇ ಎಲ್ಲ ಅಂತ ಹೊರಟರೆ ಸವಲತ್ತು ಅತಿ ಹೆಚ್ಚು ಬೇಕಾದವಳೇ ಹೊರಗೆ ಉಳಿಯುತ್ತಾಳೆ. ಇದನ್ನು ಎತ್ತಿದಾಗ ಒಕ್ಕೂಟದಲ್ಲಿ ಸಿಟ್ಟಿನ ಮಾತು ಬಂತು. "ಸಂಘಕ್ಕ ಬರದವರಿಗೆ ನಾವ್ಯಾಕ ಕೂಲಿ ಬಿಟ್ಟು ಓಡಾಡಬೇಕ್ರೀ?" ನನಗೆ ಅದು ಸ್ವಾರ್ಥ ಅನಿಸಲಿಲ್ಲ. ಅವರದೂ ದಿನಗೂಲಿ. ಕೊನೆಗೆ ಒಕ್ಕೂಟದ ಸಾಮಾಜಿಕ ಕ್ರಿಯಾ ಸಮಿತಿ ಹೊರಗಿನವರ ಪಟ್ಟಿ ಮಾಡುವುದು, ಅದನ್ನು ಗ್ರಾಮಸಭೆಗೆ ವಿಪಿಆರ್‌ಪಿ, ಅಂದರೆ ಸಂಘಗಳು ಮಾಡುವ ಊರಿನ ಬಡತನ ನಿವಾರಣಾ ಯೋಜನೆಯ ಜೊತೆ ಕೊಡುವುದು, ಓಡಾಟ ಪಂಚಾಯಿತಿಯ ಕೆಲಸ ಅಂತ ತೀರ್ಮಾನ ಆಯಿತು. ಪಟ್ಟಿ ಕೊಟ್ಟರು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಸಕ್ತಿ ತೋರಿಸಿದ ವರ್ಷ ಕೆಲವರದು ಆಯಿತು, ಇಲ್ಲದ ವರ್ಷ ಇಲ್ಲ.

ಕೂಲಿ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಕ್ಕೂಟ ಕೆಲಸ ಮಾಡುತ್ತೆ ಅಂತ ಗೊತ್ತಾದ ಕೂಡಲೇ ಎಲ್ಲ ಇಲಾಖೆಯವರಿಗೂ ಅದರ ನೆನಪಾಗತೊಡಗಿತು. ಈ ಸರ್ವೆ ಮಾಡಿಕೊಡಿ, ಆ ಕಾರ್ಯಕ್ರಮಕ್ಕೆ ಐವತ್ತು ಹೆಂಗಸರನ್ನು ಕರೆತನ್ನಿ, ಜಾಥಾಕ್ಕೆ ಒಂದೇ ಬಣ್ಣದ ಸೀರೆ ಉಟ್ಟುಕೊಂಡು ಬನ್ನಿ. ಎಂಬಿಕೆಗೆ ಸಿಗುವ ಗೌರವಧನ ಪುಸ್ತಕ ಬರೆಯುವುದಕ್ಕೆ. ಉಳಿದದ್ದೆಲ್ಲ ಬಿಟ್ಟಿ. ಒಂದು ಸಲ ಒಕ್ಕೂಟದ ಅಧ್ಯಕ್ಷೆ ಇಲಾಖೆಯೊಂದಕ್ಕೆ ನೇರವಾಗಿಯೇ ಹೇಳಿದರು, ಸುಗ್ಗಿ ಮುಗಿಯುವವರೆಗೆ ಜನ ಬರೋದಿಲ್ಲ, ಬೇಕಿದ್ದರೆ ದಿನದ ಕೂಲಿ ಕೊಡಿ. ಅವರು ಬೇರೆ ಊರಿನ ಸಂಘಗಳನ್ನು ಕರೆಸಿಕೊಂಡರು. ಹಾಗೆ ಹೇಳಿದ್ದರಿಂದ ಈ ಒಕ್ಕೂಟಕ್ಕೆ ಏನೂ ನಷ್ಟ ಆಗಲಿಲ್ಲ.

ಅರ್ಜಿಯ ಓಡಾಟಕ್ಕೆ ಬಸ್ ಚಾರ್ಜು, ಝೆರಾಕ್ಸು ಖರ್ಚನ್ನು ಈಗ ಒಕ್ಕೂಟದ ನಿಧಿಯಿಂದ ಕೊಡುತ್ತಾರೆ, ರಸೀದಿ ತಂದರೆ. ಕೂಲಿ ಕೊಡಬೇಕೋ ಬೇಡವೋ ಅನ್ನುವುದು ಇನ್ನೂ ಇತ್ಯರ್ಥ ಆಗಿಲ್ಲ. ಕೊಟ್ಟರೆ ಒಕ್ಕೂಟವೇ ಹೊಸ ಏಜೆಂಟ್ ಆಗುತ್ತೆ ಅಂತ ಕೆಲವರು, ಕೊಡದಿದ್ದರೆ ಎರಡು ವರ್ಷದಲ್ಲಿ ಯಾರೂ ಹೋಗೋದಿಲ್ಲ ಅಂತ ಉಳಿದವರು. ನಾನು ಎರಡನೆಯವರ ಕಡೆ. ಪಂಚಾಯಿತಿಯೇ ತನ್ನ ನಿಧಿಯಿಂದ ಒಕ್ಕೂಟಕ್ಕೆ ಸೇವಾ ಶುಲ್ಕ ಕೊಡಲಿ, ಅರ್ಜಿದಾರಳಿಂದ ಒಂದು ಪೈಸೆಯೂ ಬೇಡ ಅನ್ನುವ ಪ್ರಸ್ತಾವ ಬರೆದು ಕೊಟ್ಟಿದ್ದಾರೆ. ನಾನು ಆ ತಾಲ್ಲೂಕು ಬಿಡುವಾಗ ಅದನ್ನು ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಮುಂದೂಡಿದ್ದರು, ಅದರ ಸ್ವೀಕೃತಿಯನ್ನೂ ಅದೇ ಪುಟದಲ್ಲಿ ಅಂಟಿಸಿದ್ದರು.